ಕೊನೆ ಗೊತ್ತಿಲ್ಲದ ಪ್ರಸಂಗ

ಭಾನುವಾರ ಊಟವಾದ ಮೇಲೆ ಉಪ್ಪಳದ ನನ್ನ ಕನ್ನಡಕದ ಅಂಗಡಿಯ ಶಟರು ಅರ್ಧಕ್ಕೆ ಇಳಿಯುತ್ತದೆ. ಒಳಗೆ ನಾಲ್ಕು ಜನ ಏನು ಮಾಡುತ್ತೇವೆ ಎಂಬುದರ ಬಗ್ಗೆ ಪೇಟೆಯಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಪಕ್ಕದ ಬೇಕರಿಯವರು ನಾವು ಯಾವುದೋ ಪಾರ್ಟಿಯ ಗುಟ್ಟಿನ ಮೀಟಿಂಗ್ ನಡೆಸುತ್ತೇವೆಂದು ಬಹುಕಾಲ ನಂಬಿದ್ದರು. ಎದುರಿನ ಮೆಡಿಕಲಿನವರು ಒಮ್ಮೆ ಶಟರಿನ ಕೆಳಗೆ ಬಗ್ಗಿ ನೋಡಿದರು. ಮೇಜಿನ ಮೇಲೆ ದಾಳಗಳನ್ನು ಕಂಡು ತಲೆ ಹಿಂದೆ ಎಳೆದುಕೊಂಡರು. ಅವರನ್ನು ದೂರುವಂತಿಲ್ಲ. ಮಧ್ಯವಯಸ್ಸಿನ ಹೆಂಗಸೊಬ್ಬಳು ದಾಳ ಹಿಡಿದುಕೊಂಡು, "ನಾವು ಜೂಜಾಡುವುದಲ್ಲ, ಘಟಸರ್ಪವನ್ನು ಹುಡುಕಿಕೊಂಡು ಹೋಗುವುದು" ಎಂದರೆ ಮರ್ಯಾದೆ ಇನ್ನಷ್ಟು ಹೋಗುತ್ತದೆ.

ಆಟ ನಿಜಕ್ಕೂ ಅಷ್ಟೇ. ಒಬ್ಬರು ಆಟ ನಡೆಸುವವರು. ಅವರು ಒಂದು ಲೋಕವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಬಂದು, "ನಿಮ್ಮ ಎದುರು ಒಂದು ಬಾಗಿಲು ಉಂಟು, ಒಳಗಿನಿಂದ ಯಾರೋ ಕೆಮ್ಮಿದ ಶಬ್ದ ಕೇಳ್ತದೆ, ಎಂತ ಮಾಡ್ತೀರಿ?" ಎಂದು ಕೇಳುತ್ತಾರೆ. ಉಳಿದವರಿಗೆ ಒಂದೊಂದು ಪಾತ್ರ: ಯೋಧ, ಮಂತ್ರವಾದಿ, ಕಳ್ಳಿ. ಅವರು ಆ ಪಾತ್ರವಾಗಿಯೇ ಉತ್ತರಿಸಬೇಕು. ಆಗುತ್ತದೋ ಇಲ್ಲವೋ ಎಂಬ ಸಂದೇಹವಿರುವಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಅದು ಹೇಳಿದ ಹಾಗೆ ಕತೆ ಮುಂದೆ ಹೋಗುತ್ತದೆ. ಒಂದೇ ಕತೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ಅದಕ್ಕೆ ಕ್ಯಾಂಪೇನ್ ಎಂದು ಹೆಸರು. ಬೇಕರಿಯವರಿಗೆ ಪಾರ್ಟಿಯ ಸಂಶಯ ಬಂದದ್ದು ಈ ಶಬ್ದ ಕಿವಿಗೆ ಬಿದ್ದೇ ಇರಬೇಕು.

ಇದು ನಮ್ಮಲ್ಲಿಗೆ ಬಂದದ್ದು ಶಾರ್ಜಾದಿಂದ. ಮಂಗಲ್ಪಾಡಿಯಲ್ಲಿ ಮನೆ, ನಾಯ್ಮಾರ್ಮೂಲೆಯಲ್ಲಿ ಟೈಲ್ಸ್ ಅಂಗಡಿ ಇರುವ ಒಬ್ಬ ಬ್ಯಾರಿ ಗೃಹಸ್ಥರು ಹತ್ತಿರದ ಅಕ್ಷರ ಮಸುಕಾಗುತ್ತದೆಂದು ನನ್ನಲ್ಲಿಗೆ ಕಣ್ಣು ತೋರಿಸಲು ಬಂದಿದ್ದರು. ದಿನಾ ಏನು ಓದುತ್ತೀರಿ ಎಂದು ಕೇಳಿದೆ. ನಲುವತ್ತು ದಾಟಿದ ಗಂಡಸರು ಸಾಮಾನ್ಯವಾಗಿ ಪೇಪರು ಅಥವಾ ಮೊಬೈಲು ಎನ್ನುತ್ತಾರೆ. ಇವರು ಸ್ವಲ್ಪ ನಾಚಿಕೊಂಡು ಪ್ಲಾಸ್ಟಿಕ್ ಚೀಲದಿಂದ ದಪ್ಪ ಪುಸ್ತಕವೊಂದನ್ನು ತೆಗೆದರು. ಮುಖಪುಟದಲ್ಲಿ ಬೆಂಕಿಯುಗುಳುವ ಘಟಸರ್ಪ, ಒಳಗೆ ಎಳ್ಳಿನಷ್ಟು ಅಕ್ಷರ. ಶಾರ್ಜಾದಲ್ಲಿ ಒಂದೇ ಕೋಣೆಯಲ್ಲಿದ್ದ ಫಿಲಿಪ್ಪೀನ್ಸಿನ ಹುಡುಗರು ಶುಕ್ರವಾರ ರಜೆಯಲ್ಲಿ ಆಡುತ್ತಿದ್ದರಂತೆ, ಇವರಿಗೂ ಕಲಿಸಿದರಂತೆ. ಊರಿಗೆ ವಾಪಾಸು ಬಂದ ಮೇಲೆ ಆಡಲು ಜನವಿಲ್ಲ.

"ನಿಯಮ ಎಲ್ಲ ಬಾಯಿಪಾಠ ಉಂಟು ಮೇಡಂ. ಆಡಲಿಕ್ಕೆ ಜನ ಇಲ್ಲದಿದ್ರೆ ಎಂತ ಮಾಡುವುದು?" ಎಂದರು. ಆ ಮುಖ ನೋಡಿ ನನಗೆ ಪಾಪ ಅನಿಸಿತು. ಕುಂಜತ್ತೂರಿನ ಶಾಲೆಯಲ್ಲಿ ಕನ್ನಡ ಕಲಿಸುವ ನನ್ನ ಹಳೆಯ ಗೆಳತಿಗೆ ಅಂದು ಸಂಜೆಯೇ ಫೋನ್ ಮಾಡಿದೆ. ಹೀಗೆ ಮೂವರಾದೆವು.

ನಿಯಮ ಬಲ್ಲ ಅವರೇ ಆಟ ನಡೆಸಬೇಕಿತ್ತು. ಆದರೆ ಅವರು ಮಿತಭಾಷಿ. "ಇಲ್ಲಿ ಒಂದು ರಾಕ್ಷಸ ಉಂಟು" ಎಂದು ಹೇಳಿ ನಮ್ಮ ಮುಖ ನೋಡುತ್ತ ಕೂರುತ್ತಿದ್ದರು. ಮೂರನೆಯ ಭಾನುವಾರ ನನ್ನ ತಾಳ್ಮೆ ಹರಿದು, ನಾನೇ ನಡೆಸುತ್ತೇನೆ, ನೀವು ಆಡಿ ಎಂದೆ. ಅವರು ಸಂತೋಷದಿಂದ ಮಂತ್ರವಾದಿಯಾದರು. ಟೀಚರು ಕಳ್ಳಿಯಾದಳು. ಜನ್ಮದಲ್ಲಿ ಸುಳ್ಳು ಹೇಳದ ಹೆಂಗಸು ಕಳ್ಳತನಕ್ಕಿಳಿದರೆ ಏನಾಗುತ್ತದೋ ಅದೇ ಆಯಿತು. ಕೋಟೆಯ ಬಾಗಿಲಲ್ಲಿ ಕಾವಲಿನವ ಯಾಕೆ ಬಂದದ್ದು ಎಂದು ಕೇಳಿದರೆ, "ಕದಿಯಲಿಕ್ಕೆ" ಎಂದುಬಿಟ್ಟಳು.

ಪುಸ್ತಕದಲ್ಲಿದ್ದ ಹಿಮದ ಬೆಟ್ಟಗಳೂ ಕಲ್ಲಿನ ನೆಲಮಾಳಿಗೆಗಳೂ ನನ್ನ ಬಾಯಲ್ಲಿ ಬರಲಿಲ್ಲ. ನಾನು ಹಿಮ ಕಂಡದ್ದು ಫ್ರಿಜ್ಜಿನಲ್ಲಿ ಮಾತ್ರ. ಆದ್ದರಿಂದ ನೆಲಮಾಳಿಗೆಯ ಬದಲು ಸುರಂಗ ತಂದೆ. ನಮ್ಮ ಕಡೆ ಗುಡ್ಡಕ್ಕೆ ಅಡ್ಡವಾಗಿ ಕೊರೆದು ನೀರು ತರುವ ಸುರಂಗಗಳಿವೆಯಲ್ಲ, ಅದೇ. ಒಳಗೆ ಹೋದರೆ ಬಾವಲಿಯ ವಾಸನೆ, ಪಾದ ಮುಳುಗುವಷ್ಟು ತಣ್ಣನೆಯ ನೀರು, ಮೈಗೆ ತಾಗುವ ಕೆಂಪು ಗೋಡೆ. ಮೂವರೂ ಚಿಕ್ಕಂದಿನಲ್ಲಿ ಬೈಗಳು ತಿಂದುಕೊಂಡೇ ಅದರೊಳಗೆ ಹೊಕ್ಕವರು. ಸುರಂಗ ಕವಲೊಡೆಯುತ್ತ ಹೋಗಿ ಕೊನೆಯಲ್ಲಿ ಘಟಸರ್ಪ ಮಲಗಿದೆ ಎಂದು ಹೇಳಿದಾಗ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಒಂದೇ ಕೊರತೆ. ನನ್ನ ರಾಕ್ಷಸರು ಬಾಯಿ ಬಿಟ್ಟರೆ ಕನ್ನಡಕ ಮಾರುವವರಂತೆ ಕೇಳಿಸುತ್ತಿದ್ದರು. ಪಾತ್ರವಾಗಿ ಮಾತಾಡುವುದು ಹೇಗೆಂದು ಮೊಬೈಲಿನಲ್ಲಿ ಯಾವ ಯಾವುದೋ ದೇಶದವರ ವಿಡಿಯೋ ನೋಡಿದೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವರ ಕತೆ ನನ್ನದು. ಯಾಕೆಂದರೆ ಆ ಹೊತ್ತಿಗೆ ನನ್ನ ಸೋದರಮಾವ ಅದೇ ಅಂಗಡಿಯ ಮೂಲೆಯಲ್ಲಿ, ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತಿರುತ್ತಿದ್ದರು.

ಮಾವ ಸೊಸೈಟಿಯಲ್ಲಿ ಸೆಕ್ರೆಟರಿಯಾಗಿದ್ದು ನಿವೃತ್ತರಾದವರು. ಆದರೆ ಮಂಜೇಶ್ವರದಿಂದ ಕುಂಬಳೆಯವರೆಗೆ ಜನರಿಗೆ ಅವರ ಗುರುತು ಇದ್ದದ್ದು ತಾಳಮದ್ದಳೆಯ ಅರ್ಥಧಾರಿಯಾಗಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ, ಶಾಲು ಹಾಕಿ ಚಾಪೆಯ ಮೇಲೆ ಎದುರುಬದುರು ಕೂತು, ಬರೀ ಮಾತಿನಲ್ಲೇ ಪುರಾಣದ ಯುದ್ಧ ನಡೆಯಬೇಕು. ಭಾಗವತರು ಪದ ಹಾಡುತ್ತಾರೆ. ಅರ್ಥಧಾರಿ ತನ್ನ ಪಾತ್ರವಾಗಿ ಆ ಪದದ ಅರ್ಥವನ್ನು ಅಲ್ಲೇ ಹುಟ್ಟಿದ ಮಾತಿನಲ್ಲಿ ಬೆಳೆಸುತ್ತಾ ಹೋಗುತ್ತಾನೆ. ಮಾವ ಖಳನ ಪಾತ್ರ ವಹಿಸಿದರೆ ಖಳನೇ ಸರಿ ಎಂದು ಜನ ತಲೆದೂಗುತ್ತಿದ್ದರು. ನಾನು ಚಿಕ್ಕಂದಿನಲ್ಲಿ ಎಷ್ಟೋ ಕೂಟಗಳಲ್ಲಿ ಅವರ ಪಕ್ಕದಲ್ಲೇ ನಿದ್ದೆ ಹೋದವಳು.

ಆಮೇಲೆ ಒಂದು ಕೂಟದಲ್ಲಿ, ಭಾಗವತರು ಪದ ಮುಗಿಸಿ ಇವರ ಕಡೆ ನೋಡಿದಾಗ, ಮಾವನಿಗೆ ಯಾವ ಪಾತ್ರದಲ್ಲಿ ಕೂತಿದ್ದೇನೆಂದೇ ಹೊಳೆಯಲಿಲ್ಲ. ಎದುರಿಗಿದ್ದ ಅರ್ಥಧಾರಿ ಜಾಣರು, ತಾವೇ ಮಾತೆತ್ತಿಕೊಂಡು ಕೂಟವನ್ನು ದಡ ಮುಟ್ಟಿಸಿದರು. ಸಭೆಯಲ್ಲಿ ಅರ್ಧದಷ್ಟು ಜನಕ್ಕೆ ಗೊತ್ತೂ ಆಗಲಿಲ್ಲ. ಆದರೆ ಮಾವನಿಗೆ ಗೊತ್ತಾಯಿತು. ಮಂಗಳೂರಿನ ಡಾಕ್ಟರು ಇದು ಮರೆವಿನ ಕಾಯಿಲೆಯ ಶುರು, ನಿಧಾನಕ್ಕೆ ಹೆಚ್ಚುತ್ತದೆ, ಜನರೊಡನೆ ಮಾತಾಡುತ್ತಿದ್ದರೆ ಒಳ್ಳೆಯದು ಎಂದರು. ಮಾವ ಕೂಟಗಳಿಗೆ ಹೋಗುವುದನ್ನು ಬಿಟ್ಟರು. ಮನೆಯಲ್ಲಿಯೂ ಮಾತು ಬಿಟ್ಟರು. ಹೂಂ, ಊಹೂಂ, ಸಾಕು, ಇಷ್ಟೇ.

ಅವರನ್ನು ನನ್ನ ಅಂಗಡಿಗೆ ಕಳಿಸಿದ್ದು ಅತ್ತೆ. "ಭಾನುವಾರ ಮಧ್ಯಾಹ್ನ ಇವರನ್ನು ನಿನ್ನಲ್ಲಿ ಕೂರಿಸಿಕೊ ಮಾರಾಯ್ತಿ. ನನಗೂ ಒಂದು ಹೊತ್ತು ಸರಿ ನಿದ್ದೆ ಬೇಕು," ಎಂದರು. ಅತ್ತೆ ಯಾವುದನ್ನೂ ಸುತ್ತಿಬಳಸಿ ಹೇಳುವವರಲ್ಲ. ಮುಂದೆ ಆದದ್ದಕ್ಕೆಲ್ಲ ಅವರ ಆ ನಿದ್ದೆಯೇ ಕಾರಣ, ಹಾಗಾಗಿ ಮೊದಲ ಋಣ ಅತ್ತೆಯ ನಿದ್ದೆಗೆ.

ಕೆಲವು ಭಾನುವಾರ ಮಾವ ಏನೂ ಹೇಳಲಿಲ್ಲ. ಫ್ಲಾಸ್ಕಿನ ಚಾ ಕೊಟ್ಟರೆ ಕುಡಿಯುತ್ತಿದ್ದರು, ಗೋಳಿಬಜೆ ಕೊಟ್ಟರೆ ತಿನ್ನುತ್ತಿದ್ದರು, ಗೋಡೆಯಲ್ಲಿದ್ದ ಕನ್ನಡ, ಮಲಯಾಳ ಅಕ್ಷರಗಳ ಕಣ್ಣಿನ ಚಾರ್ಟನ್ನು ನೋಡುತ್ತಿದ್ದರು. ಒಂದು ದಿನ ನಾನು ಸುರಂಗದ ಬಾಯಿ ಕಾಯುವ ರಾಕ್ಷಸನಾಗಿ, "ಒಳಗೆ ಬಂದರೆ ಕೊಲ್ಲುತ್ತೇನೆ" ಎಂದು ಗುಡುಗಿದೆ. ಮೂಲೆಯಿಂದ ಮಾವನ ಗಂಟಲು ಸರಿ ಮಾಡಿಕೊಂಡ ಶಬ್ದ ಕೇಳಿಸಿತು.

"ಅವ ಯಾಕೆ ಕೊಲ್ಲುವುದು?"

"ರಾಕ್ಷಸ ಅಲ್ವಾ ಮಾವ?"

"ರಾಕ್ಷಸ ಆದ್ರೆ? ಎಷ್ಟು ಕಾಲದಿಂದ ಕಾಯ್ತಾ ಇದ್ದಾನೆ ಅವ? ಯಾರು ನಿಲ್ಲಿಸಿದ್ದು? ಅವನಿಗೂ ಅವನದ್ದೇ ಒಂದು ನ್ಯಾಯ ಉಂಟಲ್ಲ. ಅದನ್ನು ಹೇಳದೆ ಬರೇ ಕೊಲ್ಲುತ್ತೇನೆ ಅಂದ್ರೆ ಕೇಳಿದವ ನಗಾಡುವುದಿಲ್ವಾ?"

ಅಷ್ಟು ಉದ್ದದ ಮಾತು ಅವರ ಬಾಯಿಂದ ನಾನು ಕೇಳಿ ತಿಂಗಳುಗಳಾಗಿದ್ದವು. ಟೀಚರು ನನ್ನ ಕಾಲನ್ನು ಮೇಜಿನಡಿಯಲ್ಲಿ ಒತ್ತಿದಳು. ಹಾಗಾದರೆ ನೀವೇ ಹೇಳಿ ತೋರಿಸಿ ಮಾವ ಎಂದೆ. ಅವರು ಕುರ್ಚಿಯಲ್ಲೇ ಸ್ವಲ್ಪ ನೆಟ್ಟಗಾಗಿ, ಕಾವಲು ರಾಕ್ಷಸನಾಗಿ ಅರ್ಥ ಹೇಳಿದರು. ತನ್ನನ್ನು ಕಾವಲಿಗಿಟ್ಟ ಒಡೆಯ ಸತ್ತು ಮಣ್ಣಾದರೂ ಕೊಟ್ಟ ಮಾತು ಸಾಯಲಿಲ್ಲವೆಂದು, ನಿಮ್ಮನ್ನು ಒಳಗೆ ಬಿಟ್ಟರೆ ಇಷ್ಟು ಕಾಲ ನಿಂತ ತನ್ನ ಕಾಲುಗಳಿಗೆ ಏನು ಉತ್ತರ ಕೊಡಲಿ ಎಂದು ಕೇಳಿದರು. ಮಂತ್ರವಾದಿಯಾಗಿ ಬೆಂಕಿಯ ಮಂತ್ರ ಹಾಕಲು ಹೊರಟಿದ್ದ ಟೈಲ್ಸಿನವರು ದಾಳವನ್ನು ಕೆಳಗಿಟ್ಟು ಕೈ ಮುಗಿದರು.

ಮುಂದಿನ ವಾರ ಮಾವನಿಗೂ ಹೆಸರು, ಬಲ, ಜೀವದ ಅಂಕ ಬರೆದ ಒಂದು ಪಾತ್ರದ ಹಾಳೆ ಮಾಡಿದೆವು. ದೇಶಭ್ರಷ್ಟನಾದ ಒಬ್ಬ ಮುದಿ ಯೋಧ. ಅವರು ಕನ್ನಡಕ ಹಾಕಿ ಹಾಳೆಯನ್ನು ಮೇಲಿಂದ ಕೆಳಗೆ ಓದಿ, ಯಾವ ಪ್ರಸಂಗ ಎಂದು ಕೇಳಿದರು. ಪ್ರಸಂಗವೆಂದರೆ ಕೂಟಕ್ಕೆ ಆರಿಸಿದ ಕತೆ. ಅದರ ಆದಿ ಅಂತ್ಯ ಎಲ್ಲ ಅರ್ಥಧಾರಿಗೂ ಸಭೆಗೂ ಮೊದಲೇ ಗೊತ್ತಿರುತ್ತದೆ. ಮಾತಿನಲ್ಲಿ ನೀನು ಎಷ್ಟೇ ಗೆಲ್ಲು, ಪ್ರಸಂಗದಲ್ಲಿ ನಿನಗೆ ಸೋಲು ಇದ್ದರೆ ಕೊನೆಗೆ ತಲೆ ಬಾಗಲೇಬೇಕು.

"ಇದಕ್ಕೆ ಪ್ರಸಂಗ ಇಲ್ಲ ಮಾವ. ಕೊನೆ ಎಂತ ಅಂತ ನನಗೂ ಗೊತ್ತಿಲ್ಲ."

"ನಡೆಸುವವಳಿಗೇ ಗೊತ್ತಿಲ್ವಾ?"

"ಇಲ್ಲ."

ಅವರು ಹಾಳೆಯನ್ನು ಮೇಜಿನ ಮೇಲಿಟ್ಟರು. "ಹಾಗಾದ್ರೆ ಮರೆಯಲಿಕ್ಕೆ ಎಂತದೂ ಇಲ್ಲ," ಎಂದರು. ನಾನು ಲೆನ್ಸ್ ಒರೆಸುವ ಬಟ್ಟೆಯಿಂದ ದಾಳ ಒರೆಸುತ್ತ ಕೂತೆ.

ಆ ನಂತರದ ತಿಂಗಳುಗಳು ನಮ್ಮ ಆಟದ ಒಳ್ಳೆಯ ಕಾಲ. ಮಾವ ಬಂದ ಮೇಲೆ ಯಾವ ಬಾಗಿಲೂ ಸುಮ್ಮನೆ ತೆರೆಯಲಿಲ್ಲ, ಅದರ ಹತ್ತಿರವೂ ವಾದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವಂತೆ ಟೈಲ್ಸಿನವರಿಗೆ ಯುದ್ಧ ಬೇಕು, ಮಾವನಿಗೆ ಸಂವಾದ ಬೇಕು. ನಡುವೆ ಟೀಚರು ತುಳುವಿನಲ್ಲಿ ಇಬ್ಬರನ್ನೂ ಗದರುವಳು. ಮಾವನಿಗೆ ಹಿಂದಿನ ವಾರ ಏನಾಯಿತೆಂದು ನೆನಪಿರುತ್ತಿರಲಿಲ್ಲ. ಆಟ ಶುರುವಾಗುವ ಮೊದಲು ಹಿಂದಿನದನ್ನು ಒಮ್ಮೆ ಹೇಳುವುದು ಎಲ್ಲ ಕಡೆಯೂ ಇರುವ ಪದ್ಧತಿ. ನಾನು ಅದನ್ನು ಸ್ವಲ್ಪ ಉದ್ದ ಮಾಡಿದೆ, ಅಷ್ಟೇ. ಅವರೊಬ್ಬರಿಗಾಗಿ ಹೇಳುತ್ತಿದ್ದೇನೆಂದು ಯಾರಿಗೂ ಅನಿಸಲಿಲ್ಲ, ಅವರಿಗೂ ಅನಿಸಲಿಲ್ಲ. ಮನೆಯಲ್ಲಿ ಮಾತು ಶುರುವಾಗಿದೆ ಎಂದು ಅತ್ತೆ ಹೇಳಿದರು. ಸಾಂಬಾರಿಗೆ ಉಪ್ಪು ಕಡಿಮೆಯಾದದ್ದಕ್ಕೆ ದೊಡ್ಡ ಭಾಷಣವೇ ಆಯಿತಂತೆ. ಅತ್ತೆ ಅದನ್ನು ದೂರು ಹೇಳುವ ದನಿಯಲ್ಲಿ ಹೇಳಿದರೂ ಮುಖದಲ್ಲಿ ನಗು ಇತ್ತು.

ಆಮೇಲೆ ನೀರಿನ ರಾಣಿ ಬಂದಳು. ಸುರಂಗ ಮೂರಾಗಿ ಕವಲೊಡೆಯುವಲ್ಲಿ, ನೀರಿನ ಒರತೆಯನ್ನು ಆಳುವ ಒಬ್ಬ ರಾಣಿಯನ್ನು ಕೂರಿಸಿದ್ದೆ. ಅವಳು ಬಲಶಾಲಿಯೇನಲ್ಲ. ನಾಲ್ಕು ಪೆಟ್ಟಿಗೆ ಬೀಳಬೇಕಾದವಳು, ಅವಳನ್ನು ದಾಟಿ ಹೋಗುವುದು ಸುಲಭ. ಆದರೆ ಅಷ್ಟರಲ್ಲಿ ನಾನು ಮಾವನಿಂದ ಪಾಠ ಕಲಿತಿದ್ದೆನಲ್ಲ. ಅವಳಿಗೂ ಒಂದು ನ್ಯಾಯ ಕೊಟ್ಟೆ. ಮೇಲಿನ ಊರಿನವರು ಕೊಳವೆ ಬಾವಿ ಕೊರೆದು ಕೊರೆದು ತನ್ನ ಒರತೆ ಬತ್ತಿಸಿದರೆಂದು, ಈಗ ನೀವೂ ಬಂದಿರಾ ಎಂದು ಕೇಳಿದೆ. ನನಗೇ ಆಶ್ಚರ್ಯವಾಗುವಷ್ಟು ಚೆನ್ನಾಗಿ ಬಂತು. ಮಾವ ಉತ್ತರ ಕೊಟ್ಟರು, ನಾನು ಮರುಮಾತು ಕೊಟ್ಟೆ. ಚಾ ಆರಿ ತಣ್ಣಗಾಯಿತು. ಮಾವ ಕೊನೆಗೆ ಶಾಲು ಸರಿಮಾಡಿಕೊಂಡು, ಎರಡೂ ಕೈ ಜೋಡಿಸಿ, "ತಾಯೇ, ನಿನ್ನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಇಗೋ ಖಡ್ಗ ಕೆಳಗಿಟ್ಟೆ. ಈ ಮುದಿ ತಲೆ ನಿನ್ನ ಕೈಯಿಂದಲೇ ಉರುಳಲಿ," ಎಂದು ದಾಳವನ್ನು ನನ್ನ ಕಡೆ ಸರಿಸಿದರು.

ಟೈಲ್ಸಿನವರು ಮಾವನ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು.

"ಮಾವ, ನಿಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜೀವ ಉಂಟಲ್ಲ," ಎಂದರು ಟೈಲ್ಸಿನವರು, ಹಾಳೆಯ ಮೇಲಿನ ಅಂಕ ತೋರಿಸಿ. "ಅವಳು ಎಂತ ದೊಡ್ಡ ಜನ ಅಲ್ಲ. ನಾಲ್ಕು ಪೆಟ್ಟಿಗೆ ಮುಗೀತಿತ್ತು."

ಮಾವ ಗಲಿಬಿಲಿಯಾದರು. "ಇವಳು ಅಷ್ಟು ಚಂದ ಮಾತಾಡಿದ್ಲಲ್ಲ. ಸೋಲಲಿಕ್ಕೆ ಬಂದ ಪಾತ್ರಕ್ಕೆ ಅಷ್ಟು ಮಾತು ಕೊಡ್ತಾರಾ? ಹಾಗಾದ್ರೆ ಪ್ರಸಂಗದಲ್ಲಿ ಸೋಲು ನನ್ನದೇ ಅಂತ ತಿಳಿದೆ."

ಫಿಲಿಪ್ಪೀನ್ಸಿನವರಾಗಲಿ, ಶಾರ್ಜಾದವರಾಗಲಿ ಈ ತಪ್ಪು ಮಾಡಲಾರರು. ಕೊನೆ ಗೊತ್ತಿಲ್ಲ ಎಂದು ನಾನು ಹೇಳಿದ್ದನ್ನು ಮಾವ ಪೂರ್ತಿ ನಂಬಿರಲಿಲ್ಲ. ಭಾಗವತರ ಸ್ಥಾನದಲ್ಲಿ ಕೂತವಳು ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದುಕೊಂಡು, ನನ್ನ ಮಾತಿನ ಅಂದದಿಂದಲೇ ಕತೆಯ ದಾರಿಯನ್ನು ಊಹಿಸಿ, ಸೌಜನ್ಯದಿಂದ ಸತ್ತಿದ್ದರು. ನಮಗೆ ನಗು ಬಂತು. ಟೀಚರಿಗೆ ನಗುವಿನ ನಡುವೆಯೇ ಕಣ್ಣು ತುಂಬಿತು. ಆಡಿದ ಮಾತು ಆಡಿದ್ದೇ ಎಂದು ಮಾವನೇ ಹೇಳಿದರು. ಬಾಯಿಂದ ಬಂದ ಮೇಲೆ ಅರ್ಥವನ್ನು ವಾಪಾಸು ತೆಗೆದುಕೊಳ್ಳುವ ಕ್ರಮ ಅವರಲ್ಲಿ ಇಲ್ಲ.

ಮುಂದಿನ ಭಾನುವಾರ ಮಾವ ಬರಲಿಲ್ಲ. ಫೋನ್ ಮಾಡಿದರೆ ಅತ್ತೆ ಎತ್ತಿದರು. "ಕರೆದೆ ಮಾರಾಯ್ತಿ. ನನ್ನ ಪಾತ್ರ ಮುಗೀತಲ್ಲ, ಇನ್ನು ಅಲ್ಲಿ ಎಂತ ಕೆಲಸ ಅಂತ ಕೇಳ್ತಾರೆ." ಅದೂ ಕೂಟದ ಕ್ರಮವೇ. ಪಾತ್ರ ಮುಗಿದ ಅರ್ಥಧಾರಿ ಎದ್ದು, ಒಳಗೆ ಹೋಗಿ ಕಾಫಿ ಕುಡಿದು, ಮನೆಗೆ ಹೋಗುತ್ತಾನೆ. ಮಲಗಿದ್ದಲ್ಲೇ ಇದ್ದಾರೆ, ಮತ್ತೆ ಹೂಂ ಊಹೂಂ ಶುರುವಾಗಿದೆ ಎಂದು ಅತ್ತೆ ಹೇಳಿದರು. ಅವರ ದನಿಯಲ್ಲಿ ಈಗ ನಗು ಇರಲಿಲ್ಲ. ಬೇರೆ ಪಾತ್ರ ಮಾಡಿಕೊಡುತ್ತೇನೆಂದು ನಾನು ಹೋಗಿ ಹೇಳಿದೆ. ಮಾವ ಗೋಡೆಯ ಕಡೆ ತಿರುಗಿ ಮಲಗಿದರು. ಈ ಬಾರಿ ಅವರು ಸುಮ್ಮನಾದರೆ ಮತ್ತೆ ಎಬ್ಬಿಸಲು ನಮ್ಮಲ್ಲಿ ಇನ್ನೊಂದು ಆಟವಿಲ್ಲ ಎಂದು ನನಗೆ ಹೆದರಿಕೆಯಾಯಿತು.

ದಾರಿ ತೋರಿಸಿದ್ದು ಟೈಲ್ಸಿನವರು. ನಿಯಮದ ವಿಷಯದಲ್ಲಿ ಅವರು ಎಷ್ಟು ಕಟ್ಟುನಿಟ್ಟೆಂದರೆ, ನಾವು ಅತ್ತು ಕರೆದರೂ ಸತ್ತವ ಸತ್ತ ಎನ್ನುವವರು. ಅವರೇ ಪುಸ್ತಕ ಹಿಡಿದುಕೊಂಡು ಅಂಗಡಿಗೆ ಬಂದರು. "ಮೇಡಂ, ಸತ್ತವನನ್ನು ಎಬ್ಬಿಸುವ ಮಂತ್ರ ಉಂಟು. ಆದರೆ ಒಂದು ಶರತ್ತು. ಆತ್ಮಕ್ಕೆ ವಾಪಾಸು ಬರುವ ಮನಸ್ಸಿರಬೇಕು. ನಾವು ಹೋಗಿ ಅದರ ಹತ್ರ ಕೇಳಬೇಕು."

ಹೀಗೆ ಆ ಭಾನುವಾರ ಅಂಗಡಿಯಲ್ಲಿ ಆಟವಿಲ್ಲ. ಪಾತ್ರದ ಹಾಳೆ, ದಾಳ, ಫ್ಲಾಸ್ಕು ಹಿಡಿದುಕೊಂಡು ಮೂವರೂ ಮಾವನ ಮನೆಗೆ ಹೋದೆವು. ಮಾವ ಒಳಕೋಣೆಯಲ್ಲಿದ್ದರು. ನಾವು ಅವರನ್ನು ಕರೆಯಲಿಲ್ಲ. ಜಗಲಿಯಲ್ಲಿ ಚಾಪೆ ಹಾಸಿ, ಒಳಗೆ ಕೇಳುವಷ್ಟು ದನಿಯಲ್ಲಿ ಆಟ ಶುರು ಮಾಡಿದೆವು. ನಾನು ಹಿಂದಿನ ಕತೆ ಹೇಳಿದೆ. ಮುದಿ ಯೋಧ ನೀರಿನ ರಾಣಿಗೆ ತಲೆಕೊಟ್ಟದ್ದು, ಗೆಳೆಯರು ಅವನ ದೇಹವನ್ನು ಹೊತ್ತು ಸುರಂಗದಿಂದ ಹೊರಗೆ ತಂದದ್ದು, ಆತ್ಮಗಳು ಕೂರುವ ಜಗಲಿಯೊಂದಕ್ಕೆ ಬಂದು ನಿಂತದ್ದು. ಮಂತ್ರವಾದಿ ಮಂತ್ರ ಹೇಳಿದರು. ಕಳ್ಳಿ ಎದ್ದು ನಿಂತು, "ಮಾವಾ, ವಾಪಾಸು ಬನ್ನಿ," ಎಂದು ಕರೆದಳು. ಪಾತ್ರದ ಹೆಸರು ಹಿಡಿದು ಕರೆಯಬೇಕಿತ್ತು. ಯಾರೂ ಅವಳನ್ನು ತಿದ್ದಲಿಲ್ಲ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತಿದ್ದರು. ಟೀಚರು ಮತ್ತೊಮ್ಮೆ ಕರೆದಳು. ಮಂಚ ಕಿರುಗುಟ್ಟಿತು. ಮಾವ ಹೊರಗೆ ಬಂದರು, ಹೆಗಲಿಗೆ ಶಾಲಿತ್ತು. ಚಾಪೆಯ ಇನ್ನೊಂದು ತುದಿಯಲ್ಲಿ ಕೂತರು.

"ಯಾರು ನನ್ನನ್ನು ಕರೆದವರು?" ಎಂದರು. ದನಿ ಹಿಂದಿನ ಕೂಟಗಳ ದನಿ. "ನಾನು ತೊರೆದು ಬಂದ ದೇಹ ಎಂಥದೆಂದು ನೀವು ಬಲ್ಲಿರೇನು? ಮಾತೊಂದೇ ಆಸ್ತಿಯಾಗಿದ್ದವನ ಮನೆ ಅದು. ಅದರ ಮಾಡಿನಿಂದ ದಿನಕ್ಕೊಂದು ಹೆಂಚು ಜಾರುತ್ತಿದೆ. ಇಂದು ಗೆಳೆಯನ ಹೆಸರು ಹೋಯಿತು, ನಾಳೆ ಹೆಂಡತಿಯ ಮುಖ ಹೋಗಬಹುದು. ಮಳೆ ಹಿಡಿಯುವ ಮೊದಲೇ ಹೊರಬಿದ್ದವನು ನಾನು. ಸೋರುವ ಮನೆಗೆ ಮರಳಿ ಬಾ ಎನ್ನುವ ನೀವು ನನ್ನ ಹಿತವರೋ, ವೈರಿಗಳೋ?"

ಇದು ಯೋಧನ ಮಾತಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಡಾಕ್ಟರ ಹತ್ತಿರವೂ ಅತ್ತೆಯ ಹತ್ತಿರವೂ ಹೇಳದಿದ್ದ ಮಾತನ್ನು ಮಾವ ಪಾತ್ರವೊಂದರ ಆಸರೆ ಹಿಡಿದು ಹೇಳಿದ್ದರು. ಅತ್ತೆ ಬಾಗಿಲಿಗೆ ಒರಗಿ ನಿಂತೇ ಇದ್ದರು.

"ಹೆಂಚು ಬಿದ್ರೆ ನಾವು ಬೇರೆ ಇಡುವ ಮಾವ," ಎಂದರು ಟೈಲ್ಸಿನವರು ಮೆಲ್ಲಗೆ.

"ಎಷ್ಟೆಂದು ಇಡುವೆ, ಮಂತ್ರವಾದಿ? ಹೆಂಚು ಹೊರುವ ಪಕ್ಕಾಸೇ ಕುಂಬಾಗಿ ಪುಡಿಯಾದ ಮೇಲೆ?"

ಮಾವ ಟೀಚರ ಕಡೆ ತಿರುಗಿದರು. ಅವಳು ಪಾತ್ರವನ್ನೂ ಬಿಟ್ಟು, ಪುಸ್ತಕದ ಕನ್ನಡವನ್ನೂ ಬಿಟ್ಟು ಹೇಳಿದಳು, "ನನಗೆ ನಿಮ್ಮ ಹಾಗೆ ವಾದ ಮಾಡಲಿಕ್ಕೆ ಬರುವುದಿಲ್ಲ ಮಾವ. ನೀವು ಹೇಳಿದ್ದೆಲ್ಲ ಸರಿಯೇ ಇರಬಹುದು. ಆದರೆ ಆ ಸುರಂಗದಲ್ಲಿ ನನಗೆ ಹೆದರಿಕೆ ಆಗ್ತದೆ. ನೀವು ಮುಂದೆ ಹೋದ್ರೆ ಮಾತ್ರ ನಾನು ಹಿಂದೆ ಬರುವುದು. ಇಲ್ಲದಿದ್ರೆ ನಾನು ಇಲ್ಲೇ ಕೂತೆ." ಹೇಳಿ ಅವಳು ನಿಜವಾಗಿಯೂ ಚಾಪೆಯ ಮೇಲೆ ಕೂತುಬಿಟ್ಟಳು.

ಮಾವ ಅವಳನ್ನು ನೋಡಿದರು. ಆಮೇಲೆ ಅವಳ ತಲೆಯ ಮೇಲಿಂದ ಬಾಗಿಲ ಕಡೆ, ಅತ್ತೆಯನ್ನು ನೋಡಿದರು. ಅತ್ತೆ ಕಣ್ಣು ತಪ್ಪಿಸಲಿಲ್ಲ.

"ವಾದದಲ್ಲಿ ನಾನು ಸೋತದ್ದಲ್ಲ," ಎಂದರು ಮಾವ, ಈಗ ಮನೆಯ ದನಿಯಲ್ಲಿ. "ಅದು ಎಲ್ಲರಿಗೂ ಗೊತ್ತಿರಲಿ. ಹೆದರಿಕೆ ಆಗ್ತದೆ ಅಂತ ಹೆಣ್ಣುಮಗಳು ಹೇಳಿದ್ದಕ್ಕೆ ಬರುವುದು."

"ಆತ್ಮಕ್ಕೆ ಚಾ ಆಗ್ತದಾ ಹಾಗಾದ್ರೆ?" ಎಂದು ಅತ್ತೆ ಕೇಳಿದರು. "ಆಗ್ತದೆ, ಸಕ್ಕರೆ ಸ್ವಲ್ಪ ಜಾಸ್ತಿ ಹಾಕು," ಎಂದಿತು ಆತ್ಮ. ಸಕ್ಕರೆ ಅವರಿಗೆ ನಿಷಿದ್ಧ. ಅತ್ತೆ ಅಂದು ಹಾಕಿಯೇ ಕೊಟ್ಟರು.

ಈಗ ಹಿಂತಿರುಗಿ ನೋಡಿದರೆ ಯಾರಿಗೆ ಮೊದಲು ಕೈ ಮುಗಿಯಬೇಕೆಂದು ತಿಳಿಯುವುದಿಲ್ಲ. ಒಂದು ಪುಸ್ತಕವನ್ನು ಅಷ್ಟು ದೂರದಿಂದ ಹೊತ್ತು ತಂದ ಟೈಲ್ಸಿನವರಿಗೆ ಮುಗಿಯಬೇಕು. ಪುಸ್ತಕದ ಕನ್ನಡ ಬಿಟ್ಟು, ವಾದ ಬರುವುದಿಲ್ಲ ಎಂದು ಹೇಳಿಯೇ ಗೆದ್ದ ನನ್ನ ಗೆಳತಿಗೂ ಮುಗಿಯಬೇಕು. ಕಾಣದ ಶಾರ್ಜಾದ ಕೋಣೆಯೊಂದರಲ್ಲಿ, ಭಾಷೆ ಬಾರದವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡ ಆ ಹುಡುಗರಿಗೂ. ಅವರಿಗೆ ನಮ್ಮ ಊರು ಭೂಪಟದಲ್ಲಿ ಎಲ್ಲಿದೆಯೆಂದೂ ಗೊತ್ತಿರಲಾರದು. ಮಾವನಿಗಂತೂ ಋಣ ತೀರಿಸುವ ಮಾತೇ ಇಲ್ಲ. ಗಿರಾಕಿಗಳೊಡನೆ ನಾನು ಜಗಳ ಕಾಯುವುದು ಈಗ ಕಡಿಮೆಯಾಗಿದೆ. ಕಾಯುವ ಮೊದಲು ಅವರ ನ್ಯಾಯ ಏನೆಂದು ಒಮ್ಮೆ ಯೋಚಿಸುತ್ತೇನೆ. ಯೋಚಿಸಿದ ಮೇಲೂ ಕೆಲವರೊಡನೆ ಕಾಯುತ್ತೇನೆ, ಅದು ಬೇರೆ ವಿಷಯ.

ಕಾಯಿಲೆ ನಿಂತಿಲ್ಲ. ಡಾಕ್ಟರು ಹೇಳಿದ ಹಾಗೆಯೇ ಅದು ತನ್ನ ದಾರಿಯಲ್ಲಿ ನಡೆಯುತ್ತಿದೆ. ಮಾವ ಕೂಟಗಳಿಗೆ ಮರಳಲಿಲ್ಲ, ಮರಳುವ ಆಸೆಯನ್ನೂ ಹೇಳಲಿಲ್ಲ. ಆದರೆ ಭಾನುವಾರ ತಪ್ಪಿಸಿಲ್ಲ. ಅತ್ತೆಯೂ ಈಗ ನಿದ್ದೆ ಬಿಟ್ಟು ಕೆಲವೊಮ್ಮೆ ಜೊತೆಗೆ ಬಂದು, ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಾರೆ.

ಈಚೆಗೆ ಒಂದು ಭಾನುವಾರ, ಘಟಸರ್ಪದ ಗುಹೆಯ ಬಾಯಿಗೆ ಬಂದು ತಲುಪಿದ್ದೆವು. ಮಾವನ ಸರದಿ. ನಾನು ಎಂದಿನಂತೆ ಎಂತ ಮಾಡ್ತೀರಿ ಎಂದು ಕೇಳಿದೆ. ಅವರು ಹಾಳೆಯನ್ನು ನೋಡಿದರು, ತಿರುಗಿಸಿ ನೋಡಿದರು, ನಮ್ಮನ್ನು ಒಬ್ಬೊಬ್ಬರಾಗಿ ನೋಡಿದರು.

"ನಾನು ಯಾರು ಇದರಲ್ಲಿ?" ಎಂದು ಕೇಳಿದರು.

ಯೋಧನ ಹೆಸರು ಹಾಳೆಯಲ್ಲೇ ಇತ್ತು. ಅವರು ಕೇಳಿದ್ದು ಅದನ್ನಲ್ಲ. ಅತ್ತೆಯ ಕೈಯಲ್ಲಿ ಮಲ್ಲಿಗೆಯ ನೂಲು ನಿಂತಿತು. ಪಾತ್ರ ಹೊಳೆಯದೆ ಹೋದ ಆ ಕೂಟದಲ್ಲೂ ಹೀಗೆಯೇ ಆಗಿರಬೇಕು. ಆದರೆ ಇಲ್ಲಿ ಯಾರೂ ಅವರ ಬದಲು ಮಾತೆತ್ತಿಕೊಂಡು ಮುಂದೆ ಓಡಲಿಲ್ಲ.

"ಹೇಳ್ತೇನೆ," ಎಂದರು ಟೈಲ್ಸಿನವರು. "ಉಪ್ಪಿನ ಪಟ್ಟಣದಲ್ಲಿ ನನ್ನನ್ನು ತಪ್ಪಿಗೆ ಹಿಡಿದು ಸೆರೆಯಲ್ಲಿ ಹಾಕಿದ್ರು. ನನ್ನ ಬದಲು ಒಳಗೆ ಹೋಗಿ ಕೂತವರು ನೀವು."

"ಕುರುಡಿ ಮುದುಕಿಯ ಆಡು ತಪ್ಪಿಸಿಕೊಂಡದ್ದಕ್ಕೆ ನೀವು ಯುದ್ಧವನ್ನೇ ನಿಲ್ಲಿಸಿದ್ರಿ," ಎಂದಳು ಟೀಚರು. "ಸೇನಾಪತಿ ಬೈದ. ಆಡು ಸಿಗುವವರೆಗೆ ನೀವು ಕದಲಲಿಲ್ಲ."

"ನದಿ ದಾಟುವಾಗ ಇವಳನ್ನು ಹೆಗಲ ಮೇಲೆ ಕೂರಿಸಿಕೊಂಡದ್ದು," ಎಂದೆ ನಾನು. "ನೀರು ಕುತ್ತಿಗೆಗೆ ಬಂದಿತ್ತು. ಪದ ಹೇಳ್ತಾ ದಾಟಿದ್ರಿ."

ಮಾವ ಪ್ರತಿಯೊಂದನ್ನೂ ತಲೆಯಾಡಿಸುತ್ತ ಕೇಳಿದರು. ಬೇರೆ ಊರಿನ ಯಾರದೋ ಸಮಾಚಾರ ಕೇಳುವವರ ಮುಖ ಅವರದು. ಒಂದೂ ನೆನಪಿಗೆ ಬಂದಂತೆ ಕಾಣಲಿಲ್ಲ.

"ಇಷ್ಟೆಲ್ಲ ಮಾಡಿದ್ದು ನಾನಾ?"

"ಹೌದು ಮಾವ."

ಅವರು ಅತ್ತೆಯ ಕಡೆ ತಿರುಗಿದರು. ಅತ್ತೆಗೆ ಆ ಆಟದ ತಲೆಬುಡ ಗೊತ್ತಿಲ್ಲ. "ನೀವೇ,"  ಎಂದರು ಅತ್ತೆ.

ಮಾವ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ಹಾಗಾದ್ರೆ ಅಡ್ಡಿಲ್ಲ, ಇವ ಒಳ್ಳೆ ಜನವೇ," ಎಂದರು. "ಇವನ ಅರ್ಥ ನಾನೇ ಹೇಳ್ತೇನೆ. ದಾಳ ಕೊಡಿ."